ನಾಲ್ಕು ಪಟ್ಟು ವೇಗದಲ್ಲೂ ಯೋಚಿಸಬೇಕಾದವರು ನಾವೇ

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 'ಫೈನಲ್ ಫ್ಯಾಂಟಸಿ 12: ದಿ ಝೋಡಿಯಾಕ್ ಏಜ್' ವಿಡಿಯೊ ಗೇಮ್ ಬಗ್ಗೆ ನೀವು ಬರೆದ ಹೊಗಳಿಕೆ ಓದಿ ಬೇಸರವಾಯಿತು. ಕಾಲೇಜು ದಿನಗಳಲ್ಲಿ ಗೆಳೆಯನ ಪಿಎಸ್2ನಲ್ಲಿ ಮೂಲ ಆಟವನ್ನು ಆಡಿ ಮುಗಿಸಿದವನು ನಾನು. ರೀಮಾಸ್ಟರ್ ಅಂದರೆ ಹಳೇ ಪಾತ್ರೆಗೆ ಕಲಾಯಿ ಹಾಕಿ ಹೊಸ ಪಾತ್ರೆಯ ಬೆಲೆ ಕೇಳುವುದು. ಅದರ ಮೇಲೆ ನಾಲ್ಕು ಪಟ್ಟು ವೇಗದ ಗುಂಡಿ ಬೇರೆ. ಮೊದಲೇ ಈ ಆಟ ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತದೆ; ಈಗ ಅದನ್ನೂ ಓಡಿಸಿಕೊಂಡು ನೋಡುವುದಾದರೆ ನಾವು ಆಡುವುದಾದರೂ ಏನು? ಕಥೆ ಅರ್ಧ ದಾರಿಯ ನಂತರ ಸೊರಗುವುದು ಹಾಗೇ ಇದೆ. ಅದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಕ್ಕನ ಮಗ ಈ ಆಟ ಕೊಡಿಸು ಎಂದು ಗಂಟುಬಿದ್ದಿದ್ದಾನೆ. ಕೊಡಿಸಲೋ ಬೇಡವೋ ಹೇಳಿ."

ಮಾನ್ಯರೇ,

ನಿಮ್ಮ ಪತ್ರದ ನಡುವಿನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ತಕರಾರುಗಳೆಲ್ಲ ಅದರ ಮೇಲೆ ನಿಂತಿವೆ. ನಾವು ಆಡುವುದಾದರೂ ಏನು?

ಈ ಆಟದಲ್ಲಿ ಆಡುವುದೆಂದರೆ ಗ್ಯಾಂಬಿಟ್ ಬರೆಯುವುದು. ಆಟ ಗೊತ್ತಿಲ್ಲದ ಓದುಗರೂ ಇದನ್ನು ಓದುತ್ತಿರುವುದರಿಂದ ತುಸು ಬಿಡಿಸಿ ಹೇಳುತ್ತೇನೆ. ಕಾಳಗದಲ್ಲಿ ನಮ್ಮ ಕಡೆಯವರು ಒಮ್ಮೆಗೆ ಮೂವರು. ಪ್ರತಿಯೊಬ್ಬರಿಗೂ ಒಂದು ಪಟ್ಟಿ ಇರುತ್ತದೆ. ಯಾರ ಮೇಲೆ, ಯಾವ ಸ್ಥಿತಿಯಲ್ಲಿ ಎಂಬುದು ಸಾಲಿನ ಎಡಗಡೆ. ಏನು ಮಾಡಬೇಕು ಎಂಬುದು ಬಲಗಡೆ. 'ಜೊತೆಗಾರರ ಎಚ್‌ಪಿ ಅರ್ಧಕ್ಕಿಂತ ಕೆಳಗಿಳಿದರೆ ಕ್ಯೂರ್', 'ಹತ್ತಿರದ ಶತ್ರುವಿಗೆ ಹೊಡೆತ', ಹೀಗೆ. (ಎಚ್‌ಪಿ ಎಂದರೆ ಉಳಿದಿರುವ ಜೀವಬಲ, ಕ್ಯೂರ್ ಎಂದರೆ ಗಾಯ ಮಾಯಿಸುವ ಮಂತ್ರ.) ಆಟವು ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದಿಕೆಯಾಗುವ ಸಾಲನ್ನು ನಡೆಸುತ್ತದೆ. ಇಷ್ಟೇ ನಿಯಮ. ಆದರೆ ಹೊಡೆತದ ಸಾಲನ್ನು ಮೇಲಿಟ್ಟು ಕ್ಯೂರ್ ಅನ್ನು ಅದರ ಕೆಳಗಿಟ್ಟು ನೋಡಿ. ಎದುರಿಗೆ ಶತ್ರು ಇರುವಷ್ಟು ಹೊತ್ತೂ ಯಾರಿಗೂ ಚಿಕಿತ್ಸೆ ಸಿಗುವುದಿಲ್ಲ. ಪಕ್ಕದವರು ನೆಲಕ್ಕೊರಗಿದರೂ ನಿಮ್ಮ ತಂಡದ ಫ್ರಾನ್ ಬಾಣ ಬಿಡುತ್ತಲೇ ಇರುತ್ತಾಳೆ. ಎರಡು ಸಾಲುಗಳನ್ನು ಅದಲು ಬದಲು ಮಾಡಿದರೆ ಮೂವರೂ ಬದುಕುತ್ತಾರೆ. ಇನ್ನು ಸತ್ತು ಎದ್ದು ಬಂದ ಶವಗಳ ಮೇಲೆ ಕ್ಯೂರ್ ಹಾಕಿದರೆ ಅವಕ್ಕೆ ಪೆಟ್ಟಾಗುತ್ತದೆ. ಈ ಸಂಗತಿ ತಿಳಿದವರು ಅದಕ್ಕೂ ಒಂದು ಸಾಲು ಬರೆದಿಟ್ಟು, ಚಿಕಿತ್ಸೆಯ ಮಂತ್ರವನ್ನೇ ಆಯುಧ ಮಾಡಿಕೊಳ್ಳುತ್ತಾರೆ.

ಹಾಗಾಗಿ 'ತಾನೇ ಆಡಿಕೊಳ್ಳುತ್ತದೆ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಬರೆದದ್ದನ್ನು ಅದು ನಡೆಸಿ ತೋರಿಸುತ್ತದೆ. ಸೋತರೆ ತಪ್ಪು ಎಲ್ಲಿದೆ ಎಂದು ಪಟ್ಟಿಯಲ್ಲಿ ಹುಡುಕಬೇಕಾದವರು ನೀವು. ಈ ಪದ್ಧತಿಯನ್ನು ರೂಪಿಸಿದ ಹಿರೊಯುಕಿ ಇತೊ ಅವರೇ 1991ರ ನಾಲ್ಕನೇ ಫೈನಲ್ ಫ್ಯಾಂಟಸಿಯಲ್ಲಿ ಎಟಿಬಿ ಕಾಳಗವನ್ನು ತಂದವರು. ಅಲ್ಲಿ ನಾವು ಯೋಚಿಸುತ್ತಿದ್ದರೂ ಗಡಿಯಾರ ನಿಲ್ಲುತ್ತಿರಲಿಲ್ಲ, ಬೆರಳು ಚುರುಕಾಗಿರಬೇಕಿತ್ತು. ಹದಿನೈದು ವರ್ಷಗಳ ನಂತರ ಅದೇ ಮನುಷ್ಯ ಯೋಚನೆಯನ್ನು ಕಾಳಗಕ್ಕಿಂತ ಮುಂಚೆಯೇ ಮಾಡಿ ಮುಗಿಸಿ ಎಂದರು. ಜಪಾನಿನ ಆರ್‌ಪಿಜಿಗಳಲ್ಲಿ (ಪಾತ್ರ ವಹಿಸಿ ಆಡುವ ಆಟಗಳಲ್ಲಿ) ಇಷ್ಟು ಧೈರ್ಯದ ಹೆಜ್ಜೆಗಳು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಒಪ್ಪಿದರೆ ವೇಗದ ಗುಂಡಿಯ ಪ್ರಶ್ನೆ ಬೇರೆ ರೀತಿ ಕಾಣುತ್ತದೆ. ಗುಂಡಿ ಒತ್ತುವುದೇ ಆಟವಾಗಿದ್ದರೆ ನಾಲ್ಕು ಪಟ್ಟು ವೇಗ ಆ ಆಟವನ್ನು ಕೊಲ್ಲುತ್ತಿತ್ತು. ಇಲ್ಲಿ ಆಟವಿರುವುದು ಪಟ್ಟಿಯಲ್ಲಿ. ವೇಗ ಹೆಚ್ಚಿಸಿದರೆ ಪಟ್ಟಿಯ ದೋಷ ಬೇಗ ಹೊರಬೀಳುತ್ತದೆ, ಅಷ್ಟೇ. ಹುಳುಕಿದ್ದರೆ ಮೂವರೂ ಬಿದ್ದ ಮೇಲೆಯೇ ನಿಮಗೆ ಗೊತ್ತಾಗುವುದು. ಅಂದ ಹಾಗೆ ಈ ಸೌಲಭ್ಯ 2017ರ ಈ ರೀಮಾಸ್ಟರ್‌ನ ಆವಿಷ್ಕಾರವೂ ಅಲ್ಲ. 2007ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಮಾತ್ರ ಬಿಡುಗಡೆಯಾದ 'ಇಂಟರ್‌ನ್ಯಾಷನಲ್ ಝೋಡಿಯಾಕ್ ಜಾಬ್ ಸಿಸ್ಟಮ್' ಆವೃತ್ತಿಯಲ್ಲೇ ವೇಗ ಹೆಚ್ಚಿಸುವ ಗುಂಡಿ ಇತ್ತು.

ನಿಮ್ಮ ಕಲಾಯಿ ಮಾತಿಗೆ ಬರುತ್ತೇನೆ. ಪಾತ್ರೆ ಹೊಳೆಯಲಿ ಎಂದು ಯಾರೂ ಕಲಾಯಿ ಹಾಕಿಸುವುದಿಲ್ಲ. ಹುಳಿ ಕುದಿಸಿದರೆ ಕಿಲುಬು ಇಳಿಯಬಾರದೆಂದು ಹಾಕಿಸುತ್ತಾರೆ. ಮೂಲ ಆಟದಲ್ಲಿ ಕಿಲುಬು ಇತ್ತು. 2006ರ ಮಾರ್ಚ್‌ನಲ್ಲಿ ಅದು ಬಂದಾಗ ಜಪಾನಿನ ಗೇಮ್ ಪತ್ರಿಕೆ ಫಮಿತ್ಸು 40ಕ್ಕೆ 40 ಅಂಕ ಕೊಟ್ಟಿತ್ತು, ನಿಜ. ಆದರೆ ನೀವು ಆಟ ಮುಗಿಸಿದವರು, ನಿಮ್ಮ ತಂಡ ಕೊನೆಯಲ್ಲಿ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಆರು ಜನರಿಗೂ ಒಂದೇ ಲೈಸೆನ್ಸ್ ಬೋರ್ಡ್. ಯಾವ ಕತ್ತಿ ಹಿಡಿಯಬೇಕು, ಯಾವ ಮಂತ್ರ ಹೇಳಬೇಕು ಎಂಬ ಪರವಾನಗಿಯನ್ನೆಲ್ಲ ಅದೇ ಹಲಗೆಯಿಂದ ಕೊಳ್ಳಬೇಕು. ಮೊದಲ ಹತ್ತಿಪ್ಪತ್ತು ಗಂಟೆ ವಾನ್ ಒಂದು ದಿಕ್ಕಿಗೆ, ಪೆನೆಲೊ ಇನ್ನೊಂದು ದಿಕ್ಕಿಗೆ ಬೆಳೆಯುತ್ತಾರೆ. ಆಮೇಲೆ ಅಂಕಗಳು ರಾಶಿ ಬೀಳುತ್ತವೆ, ಎಲ್ಲರೂ ಎಲ್ಲವನ್ನೂ ಕೊಳ್ಳುತ್ತಾರೆ. ಕೊನೆಗೆ ರಾಜಕುಮಾರಿ ಆಶ್, ಗಗನದ ದರೋಡೆಕೋರ ಬಾಲ್ಥಿಯರ್, ರಾಜದ್ರೋಹಿ ಎಂಬ ಕಳಂಕ ಹೊತ್ತ ಸೇನಾನಿ ಬಾಷ್ ಇವರಲ್ಲಿ ಯಾರನ್ನು ಕಳಿಸಿದರೂ ಕಾಳಗದಲ್ಲಿ ವ್ಯತ್ಯಾಸವಿಲ್ಲ. ಮುಖ ಬೇರೆ, ಕೈ ಒಂದೇ.

ರೀಮಾಸ್ಟರ್ ಸರಿಪಡಿಸಿದ್ದು ಇದನ್ನು. ಹನ್ನೆರಡು ಜಾಬ್‌ಗಳು, ಅಂದರೆ ಕಾಳಗದ ವೃತ್ತಿಗಳು, ಒಂದೊಂದಕ್ಕೂ ಅದರದೇ ಹಲಗೆ. 2007ರ ಆವೃತ್ತಿಯಲ್ಲಿ ಒಬ್ಬರಿಗೆ ಒಂದೇ ಜಾಬ್ ಸಿಗುತ್ತಿತ್ತು, ಆರಿಸಿದ ಮೇಲೆ ಬದಲಾಯಿಸುವಂತಿರಲಿಲ್ಲ. 2017ರ ಝೋಡಿಯಾಕ್ ಏಜ್ ಒಬ್ಬರಿಗೆ ಎರಡು ಜಾಬ್ ಕೊಟ್ಟಿತು. ಆರು ಜನ, ತಲೆಗೆರಡು, ಒಟ್ಟು ಹನ್ನೆರಡು. ಯಾವ ಜಾಬೂ ಹೊರಗುಳಿಯದಂತೆ ಹಂಚಬಹುದು, ಆದರೆ ಯಾರಿಗೂ ಎಲ್ಲವೂ ಸಿಗುವುದಿಲ್ಲ. ಚಿಕಿತ್ಸೆಯ ಬಿಳಿ ಮಂತ್ರಗಳನ್ನು ಯಾರಿಗೆ ವಹಿಸಿದಿರಿ ಎಂಬುದು ಮುಂದಿನ ಎಲ್ಲ ಕಾಳಗಗಳ ಮೇಲೂ ಬೀಳುತ್ತದೆ. ಆ ಪಾತ್ರವನ್ನು ಹಿಂದಿರಿಸಿದರೆ ಗಾಯ ಮಾಯಿಸಲು ಯಾರಿದ್ದಾರೆ? ಮುಂದಿರಿಸಿದರೆ ಹೊಡೆತ ತಡೆಯುವವರು ಯಾರು? ಗ್ಯಾಂಬಿಟ್ ಪಟ್ಟಿಗೂ ಈಗ ತೂಕ ಬಂತು, ಏಕೆಂದರೆ ಆರು ಜನರಿಗೆ ಒಂದೇ ಪಟ್ಟಿಯನ್ನು ನಕಲು ಮಾಡಲು ಇನ್ನು ಸಾಧ್ಯವಿಲ್ಲ. ನಾನು ಈ ಆವೃತ್ತಿಯನ್ನು ಮನಸಾರೆ ಮೆಚ್ಚುವುದಕ್ಕೆ ಮುಖ್ಯ ಕಾರಣ ಇದೇ. ಚಿತ್ರದ ಸ್ಪಷ್ಟತೆ ಇಲ್ಲದಿದ್ದರೂ ನಾನು ಇದನ್ನೇ ಆರಿಸುತ್ತಿದ್ದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಮೂಲವನ್ನು ಆಡಿದ ನಿಮಗೆ ಇದು ಇನ್ನೂ ಚುಚ್ಚುತ್ತಿರಬಹುದು. ಝೋಡಿಯಾಕ್ ಸ್ಪಿಯರ್ ಎಂಬ ಈಟಿ ಆ ಆಟದ ಅತಿ ಬಲಿಷ್ಠ ಆಯುಧಗಳಲ್ಲಿ ಒಂದು. ಅದು ಬೇಕೆಂದರೆ ಕಥೆಯ ಬೇರೆ ಬೇರೆ ಹಂತಗಳಲ್ಲಿ ಎದುರಾಗುವ ನಾಲ್ಕು ಪೆಟ್ಟಿಗೆಗಳನ್ನು ತೆರೆಯಬಾರದಿತ್ತು. ಆ ಪೆಟ್ಟಿಗೆಗಳು ಉಳಿದ ಪೆಟ್ಟಿಗೆಗಳ ಹಾಗೆಯೇ ಕಾಣುತ್ತಿದ್ದವು. ಆಟದೊಳಗೆ ಯಾರೂ ಎಚ್ಚರಿಸುತ್ತಿರಲಿಲ್ಲ. ಪೆಟ್ಟಿಗೆ ಕಂಡರೆ ತೆರೆಯಬೇಕೆಂದು ಕಲಿಸಿದ ಆಟವೇ, ತೆರೆದವರನ್ನು ಹತ್ತಾರು ಗಂಟೆಗಳ ನಂತರ ದಂಡಿಸುತ್ತಿತ್ತು. ರೀಮಾಸ್ಟರ್‌ನಲ್ಲಿ ಆ ಷರತ್ತು ಇಲ್ಲ. ಯಿಯಾಜ್‌ಮ್ಯಾಟ್ ಎಂಬ ಡ್ರ್ಯಾಗನ್ ಬೇಟೆಯೂ ಹಾಗೆಯೇ. ಮೂಲದಲ್ಲಿ ಅದರ ಎಚ್‌ಪಿ 5 ಕೋಟಿಗೂ ಮೇಲೆ. ನಮ್ಮ ಒಂದು ಹೊಡೆತ 9,999 ದಾಟುವಂತಿಲ್ಲ. ಎಷ್ಟೇ ಬಲವಿದ್ದರೂ ಐದು ಸಾವಿರಕ್ಕೂ ಹೆಚ್ಚು ಹೊಡೆತ ಬೇಕು. ಅದು ತಾಳ್ಮೆಯ ಪರೀಕ್ಷೆ, ಜಾಣ್ಮೆಯದಲ್ಲ. ಆ ಮಿತಿಯೂ ಈಗ ಹೋಗಿದೆ.

ಚಿತ್ರ, ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಕಣ್ಣು ಕಿವಿಗೇ ಗೊತ್ತಾಗುತ್ತವೆ. ಹಿತೋಶಿ ಸಾಕಿಮೊಟೊ ಅವರ ಸಂಗೀತವನ್ನು ಆರ್ಕೆಸ್ಟ್ರಾದಲ್ಲಿ ಮತ್ತೆ ನುಡಿಸಿದ್ದಾರೆ, ಹಳೆಯದೇ ಇಷ್ಟವಾದವರು ಸೆಟ್ಟಿಂಗ್ಸ್‌ನಲ್ಲಿ ಹಳೆಯದನ್ನೇ ಇಟ್ಟುಕೊಳ್ಳಬಹುದು. ಆ ಆಯ್ಕೆ ಕೊಟ್ಟದ್ದು ದೊಡ್ಡತನ.

ಕಥೆಯ ವಿಚಾರದಲ್ಲಿ ನೀವು ಹೇಳಿದ್ದು ಸರಿ, ಅದು ಒಂದು ಸಾಲಿಗಿಂತ ಹೆಚ್ಚು ಮಾತು ಬೇಡುವ ವಿಷಯ. ಆರಂಭ ಎಷ್ಟು ಗಟ್ಟಿ ನೋಡಿ. ಆರ್ಕೇಡಿಯಾ, ರೊಜೇರಿಯಾ ಎಂಬ ಎರಡು ಸಾಮ್ರಾಜ್ಯಗಳ ನಡುವೆ ಸಿಕ್ಕಿಕೊಂಡ ಪುಟ್ಟ ರಾಜ್ಯ ಡಾಲ್ಮಾಸ್ಕಾ. ಅದರ ರಾಜಧಾನಿ ರಬನಾಸ್ಟರ್ ಸೋತು ಪರರ ಕೈಯಲ್ಲಿದೆ. ಹೊಸ ಅಧಿಕಾರಿ ಬಂದು ಸೋತವರ ಎದುರಿಗೆ ಸವಿಮಾತಿನ ಭಾಷಣ ಮಾಡುತ್ತಾನೆ, ಜನ ನಿಧಾನವಾಗಿ ಅವನಿಗೆ ಚಪ್ಪಾಳೆ ತಟ್ಟುತ್ತಾರೆ. ಗೆದ್ದವರು ಸೋತವರ ಮನಸ್ಸನ್ನು ಹೇಗೆ ಗೆಲ್ಲುತ್ತಾರೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಆಟಗಳು ಕಡಿಮೆ. ಅಲ್ಲಿಂದ ಆಕಾಶದಲ್ಲಿ ತೇಲುವ ಭುಜೆರ್ಬಾ ನಗರ. ಅಲ್ಲಿ ದಾರಿ ತೋರಿಸುವವರನ್ನು ಪರಿಜನರೆಂದೇ ಕರೆಯುತ್ತಾರೆ, ನಮ್ಮ ಕಿವಿಗೆ ಅದು ಹಿತವಾಗಿ ಬೀಳುತ್ತದೆ. ಆದರೆ ಗೋಲ್ಮೋರ್ ಕಾಡು ದಾಟಿದ ಮೇಲೆ ಹಿಮದ ಪರಮೀನಾ, ಮತ್ತೆ ತಿರುಗಿ ಮೊಸ್ಫೊರಾ ಬೆಟ್ಟಸಾಲು, ಸಾಲಿಕಾ ಕಾಡು, ಫೋನ್ ಕಡಲತೀರ, ಚಿಟಾ ಹುಲ್ಲುಗಾವಲು, ಸೋಚೆನ್ ಗುಹೆ. ಆರ್ಕೇಡಿಯಾದ ರಾಜಧಾನಿ ಆರ್ಕೇಡಿಸ್ ಮುಟ್ಟುವವರೆಗೆ ನಡಿಗೆಯೋ ನಡಿಗೆ. ಈ ದಾರಿಯುದ್ದಕ್ಕೂ ಪಾತ್ರಗಳು ಒಬ್ಬರಿಗೊಬ್ಬರು ಆಡುವ ಮಾತು ತೀರಾ ಕಡಿಮೆ. ವೇಗದ ಗುಂಡಿ ದಾರಿಯನ್ನು ಚಿಕ್ಕದು ಮಾಡುತ್ತದೆ, ಆದರೆ ಇಲ್ಲದ ಮಾತನ್ನು ಅದು ಹುಟ್ಟಿಸಲಾರದು. ನಿರ್ದೇಶಕ ಯಾಸುಮಿ ಮಾತ್ಸುನೊ ಅನಾರೋಗ್ಯದ ಕಾರಣಕ್ಕೆ 2005ರ ಆಗಸ್ಟ್‌ನಲ್ಲಿ ಹೊರನಡೆದು, ಇತೊ ಮತ್ತು ಹಿರೋಶಿ ಮಿನಗಾವ ಕೆಲಸ ಮುಂದುವರಿಸಿದ್ದಕ್ಕೆ ಇದನ್ನು ತಳಕು ಹಾಕುವವರಿದ್ದಾರೆ. ಹೊರಗಿನಿಂದ ನೋಡಿ ಅಂಥ ತೀರ್ಪು ಕೊಡುವುದು ನನಗೆ ಸರಿ ಕಾಣದು. ಕೊರತೆ ಇದೆ, ರೀಮಾಸ್ಟರ್ ಅದನ್ನು ಮುಟ್ಟಲಿಲ್ಲ ಎಂಬುದಷ್ಟು ನಿಶ್ಚಿತ.

ಹಾಗಿದ್ದರೂ ಆ ಕಥೆಯನ್ನು ಸೊರಗಿದ್ದೆಂದು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ, ಅದಕ್ಕೆ ಕಾರಣ ಆಶ್. (ಅಕ್ಕನ ಮಗ ಈ ಪ್ಯಾರಾ ಬಿಟ್ಟು ಓದಲಿ.) ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ಯುದ್ಧದಲ್ಲಿ ಸತ್ತ, ರಾಜ್ಯ ಹೋಯಿತು. ದೇವತೆಗಳಂತೆ ಮೇಲೆ ಕುಳಿತ ಅಕ್ಯೂರಿಯಾಗಳು ಅವಳ ಕೈಗೆ ಕತ್ತಿ ಕೊಟ್ಟು, ನಗರವನ್ನೇ ಸುಡಬಲ್ಲ ನೆಥಿಸೈಟ್ ಕಲ್ಲನ್ನು ಕಡಿದುಕೋ, ಸೇಡು ತೀರಿಸಿಕೋ ಎನ್ನುತ್ತಾರೆ. ಸತ್ತ ಗಂಡನ ರೂಪ ಮತ್ತೆ ಮತ್ತೆ ಕಣ್ಣ ಮುಂದೆ ಬಂದು ದಾರಿ ತೋರಿಸುತ್ತದೆ. ಗೋಪುರದ ತುದಿಯಲ್ಲಿ ನಿಂತು ಅವಳು ಬೇಡ ಎನ್ನುತ್ತಾಳೆ. ಸೇಡಿನ ಕಥೆಗಳನ್ನೇ ಉಂಡು ಬೆಳೆದ ಈ ಪ್ರಕಾರದಲ್ಲಿ, ಬಲ ಕೈಗೆಟುಕಿದಾಗ ಅದನ್ನು ಒಲ್ಲೆ ಎಂದ ರಾಣಿಯ ಆ ಕ್ಷಣಕ್ಕಾಗಿ ಆ ದೀರ್ಘ ನಡಿಗೆಯನ್ನು ಸಹಿಸಿಕೊಳ್ಳಬಹುದು ಎಂದು ನಾನು ಪೂರ್ತಿ ನಂಬಿದ್ದೇನೆ.

ಒಂದು ವಿಷಯದಲ್ಲಿ ನಿಮಗಿಂತಲೂ ಕಟುವಾಗಿ ಮಾತಾಡಬೇಕಿದೆ. ಝೋಡಿಯಾಕ್ ಏಜ್‌ನಲ್ಲಿ 2006ರ ಒಂದೇ ಹಲಗೆಯ ಆಟವನ್ನು ಆಡುವ ಆಯ್ಕೆಯೇ ಇಲ್ಲ. ನನಗೆ ಆ ಹಲಗೆ ಇಷ್ಟವಿಲ್ಲ, ಆದರೆ ನಿಮ್ಮಂಥ ಲಕ್ಷಾಂತರ ಜನ ಪ್ರೀತಿಸಿದ ಆಟ ಅದು. ಹಾಡಿಗೆ ಹಳೆಯ ರೂಪ ಉಳಿಸಿಕೊಳ್ಳುವ ಅವಕಾಶ ಕೊಟ್ಟವರು ಆಟಕ್ಕೂ ಕೊಡಬಹುದಿತ್ತು. ಈಗ ಮೂಲ ಬೇಕೆಂದರೆ ಹಳೆಯ ಪಿಎಸ್2 ಡಿಸ್ಕ್ ಹುಡುಕಬೇಕು. ಈ ಆಟವನ್ನು ತಂದ ಸ್ಕ್ವೇರ್ ಎನಿಕ್ಸ್ ಕಂಪನಿಯೇ 2022ರಲ್ಲಿ 'ಕ್ರೋನೋ ಕ್ರಾಸ್' ರೀಮಾಸ್ಟರ್ ತಂದಾಗ ಹಳೆಯ ಚಿತ್ರಗಳನ್ನು ಆರಿಸಿಕೊಳ್ಳಲು ಬಿಟ್ಟಿತು. 1996ರಲ್ಲಿ ಜಪಾನಿನಲ್ಲಿ ಸ್ಯಾಟೆಲಾವ್ಯೂ ಎಂಬ ಉಪಗ್ರಹ ಸೇವೆಯ ಮೂಲಕ ಮಾತ್ರ ಸಿಕ್ಕಿದ್ದ 'ರ‍್ಯಾಡಿಕಲ್ ಡ್ರೀಮರ್ಸ್' ಎಂಬ ಪಠ್ಯದ ಆಟವನ್ನೂ ಜೊತೆಗಿಟ್ಟಿತು. ಆದರೆ ಅಲ್ಲಿ ಆಟವೇ ಕುಂಟುತ್ತಿತ್ತು. ಫ್ರೇಮ್‌ರೇಟ್ ಸರಿಹೋಗಲು 2023ರ ಪ್ಯಾಚ್‌ವರೆಗೆ ಕಾಯಬೇಕಾಯಿತು. ಒಂದರಲ್ಲಿ ಆಟವನ್ನು ಚೆನ್ನಾಗಿ ತಿದ್ದಿದರು, ಇನ್ನೊಂದರಲ್ಲಿ ಹಳೆಯದನ್ನು ಚೆನ್ನಾಗಿ ಕಾಪಾಡಿದರು. ಎರಡನ್ನೂ ಒಟ್ಟಿಗೆ ಮಾಡಿ ಎಂದು ಕೇಳುವುದು ದುಡ್ಡು ಕೊಡುವ ನಮ್ಮ ಹಕ್ಕು.

ಇನ್ನು ಅಕ್ಕನ ಮಗನ ವಿಷಯ. ಕೊಡಿಸಿ. ಪಿಎಸ್4, ಪಿಸಿ, ಸ್ವಿಚ್, ಎಕ್ಸ್‌ಬಾಕ್ಸ್ ಯಾವುದಿದ್ದರೂ ಆಗುತ್ತದೆ. ಪಿಸಿಯಲ್ಲಿ ಚಲನೆ ಸೆಕೆಂಡಿಗೆ 60 ಫ್ರೇಮ್‌ವರೆಗೆ ನಯವಾಗಿರುತ್ತದೆ. ಮೊದಲ ಕೆಲವು ಗಂಟೆ ವೇಗದ ಗುಂಡಿ ಮುಟ್ಟಬೇಡ ಎಂದು ಹೇಳಿ, ರಬನಾಸ್ಟರ್‌ನ ಬೀದಿಗಳನ್ನು ಅವುಗಳ ಲಯದಲ್ಲೇ ನೋಡಲಿ. ಗ್ಯಾಂಬಿಟ್ ಪಟ್ಟಿಯನ್ನು ಅಂತರ್ಜಾಲದಿಂದ ನಕಲು ಮಾಡದೆ ತಾನೇ ಬರೆದು ಸೋಲಲಿ. ಯಾವ ಜಾಬ್ ಯಾರಿಗೆ ಎಂದು ಹೆದರಿ ಕೂರುವುದೂ ಬೇಡ. 2019ರಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಆವೃತ್ತಿಗಳೊಂದಿಗೆ ಜಾಬ್ ಬದಲಾಯಿಸುವ ಅವಕಾಶ ಬಂತು, ಆಮೇಲೆ ಅಪ್‌ಡೇಟ್ ಮೂಲಕ ಪಿಎಸ್4 ಮತ್ತು ಪಿಸಿಗೂ ಸಿಕ್ಕಿತು. ರಬನಾಸ್ಟರ್‌ನ ಕ್ಲ್ಯಾನ್ ಹಾಲ್‌ನಲ್ಲಿ ಮಾಂಟ್‌ಬ್ಲಾಂಕ್ ಎಂಬ ಮೂಗಲ್ (ಈ ಆಟದ ಒಂದು ಪುಟ್ಟ ಜೀವಿ) ಇರುತ್ತಾನೆ. ಅವನ ಬಳಿ ಹೋದರೆ ಕೊಂಡ ಲೈಸೆನ್ಸ್‌ಗಳನ್ನೆಲ್ಲ ಬಿಡಿಸಿ ಅಂಕಗಳನ್ನು ಹಿಂದಿರುಗಿಸುತ್ತಾನೆ.

— ಸಂ.