ಬೀದರಿನಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಬೀದರಿನಿಂದ ಬೆಂಗಳೂರಿಗೆ ವಿಮಾನ ಇದೆಯಂತೆ, ಮತ್ಯಾಕೆ ಯಾವಾಗಲೂ ದೂರ ದೂರ ಅಂತೀರಿ?" ಅಂತ. ಕೊನೆಗೆ, "ಹೇಗೂ ನಿಮಗೆ ಹೈದರಾಬಾದೇ ಊರು, ಅಲ್ವಾ?" ಅಂದೆ. ಆ ಮಾತು ಚುಚ್ಚಿತು. ಅದಕ್ಕೇ ಬರೀತಿದ್ದೀನಿ.

ಲೆಕ್ಕ ಸುಲಭ. ಆಕಾಶದ ದಾರಿಯಲ್ಲಿ ಬೆಂಗಳೂರು ಸುಮಾರು 520 ಕಿ.ಮೀ. ವಿಮಾನ ಹತ್ತಿದರೆ ಒಂದೂಕಾಲು ಗಂಟೆ. ರಸ್ತೆಯಲ್ಲಿ 700 ಕಿ.ಮೀ. ಹತ್ತಿರ, ಬಸ್ಸಿನಲ್ಲಿ ಒಂದು ರಾತ್ರಿ ಪೂರ್ತಿ. ಹೈದರಾಬಾದ್ 140 ಕಿ.ಮೀ. ಇರಬಹುದು.

ಆದರೆ ಆ ಒಂದೂಕಾಲು ಗಂಟೆ ನಮ್ಮ ಕೈಗೆ ಸಿಗಬೇಕಲ್ಲ. ಊರಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ತಲೆ ಮೇಲೆ ವಿಮಾನ ನೋಡುತ್ತಲೇ ಬೆಳೆದವರು ನಾವು. ನಾವು ಹತ್ತುವ ವಿಮಾನ ಬಂದದ್ದು ಮಾತ್ರ 2020ರ ಫೆಬ್ರುವರಿಯಲ್ಲಿ. ಆಮೇಲೆ ನಿಂತಿತು. 2022ರಲ್ಲಿ ಮತ್ತೆ ಬಂತು, 2023ರ ಕೊನೆಗೆ ಮತ್ತೆ ನಿಂತಿತು. ಪುನಃ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ.

ನಡುವಿನ 2024ರಲ್ಲಿ ನಮ್ಮ ಕಾಕಾಗೆ ಎದೆನೋವು. ಬೆಂಗಳೂರಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಕಾರು ಹತ್ತಿದೆವು. ಹಿಂದಿನ ಸೀಟಿನಲ್ಲಿ ಕಾಕಾ ಶಾಲು ಹೊದ್ದು ಕೂತಿದ್ದರು. ಕಾಕಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ತೊಡೆ ಮೇಲೆ. ಸ್ವಲ್ಪ ಹೊತ್ತಿಗೇ ಜಹೀರಾಬಾದ್, ಬೋರ್ಡುಗಳೆಲ್ಲ ತೆಲುಗು. ಸಂಗಾರೆಡ್ಡಿ ದಾಟಿ ಹೈದರಾಬಾದಿನ ವಿಮಾನ ನಿಲ್ದಾಣ ಇರೋ ಶಂಷಾಬಾದ್ ಮುಟ್ಟುವಷ್ಟರಲ್ಲಿ ಮೂರು ಗಂಟೆಯ ದಾರಿ. ಅಲ್ಲಿ ಕುರ್ಚಿಯಲ್ಲೇ ಒರಗಿ ಕಾದು, ವಿಮಾನ ಹತ್ತಿ ದೇವನಹಳ್ಳಿಯಲ್ಲಿ ಇಳಿದು, ಆಸ್ಪತ್ರೆ ಬಾಗಿಲಿಗೆ ಹೋದಾಗ ಮನೆ ಬಿಟ್ಟು ಒಂಬತ್ತು ಗಂಟೆ ಮೇಲಾಗಿತ್ತು. ಕಾಕಾ ದಾರಿಯಲ್ಲಿ ಒಂದೇ ಮಾತು ಆಡಿದರು: "ನಮ್ಮ ರಾಜಧಾನಿಗಿ ಹೋಗಲಾಕ ಮಂದಿ ರಾಜ್ಯ ದಾಟಬೇಕಲ್ಲೋ ತಮ್ಮಾ."

ಕಲಬುರಗಿಯಿಂದ ರೈಲು ಹಿಡಿದರೂ ಅಷ್ಟೇ. ರಾಯಚೂರು ದಾಟಿದ ಮೇಲೆ ಮಂತ್ರಾಲಯಂ ರೋಡ್, ಗುಂತಕಲ್ ಅಂತ ಆಂಧ್ರದ ಒಳಗಿಂದಲೇ ಬೆಂಗಳೂರಿಗೆ ಹೋಗಬೇಕು.

ಕಾಕಾ ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೂರು ಪಾಲಾಯಿತು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ. ನಾವು ಕನ್ನಡದ ಕಡೆಗೆ. ಶರಣರು ಕೂತು ಮಾತಾಡಿದ ಬಸವಕಲ್ಯಾಣ ಇರೋದು ನಮ್ಮ ಜಿಲ್ಲೆಯಲ್ಲೇ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಗಡಿ ಆಚೆ ಬೀಗರ ಜೊತೆ ಮರಾಠಿ, ತೆಲುಗು. ಇಷ್ಟೆಲ್ಲ ಆಡುವ ನಾವು ಕನ್ನಡದವರಲ್ಲ ಅಂತ ಯಾರಾದರೂ ಅಂದರೆ ನನಗೆ ತಡೆಯೋಕಾಗಲ್ಲ. ಹೈದರಾಬಾದಿಗೆ ಸಂತೋಷವಾಗಿಯೇ ಹೋಗ್ತೀವಿ, ಬಟ್ಟೆಗೆ, ಔಷಧಿಗೆ. ಆದರೆ ನಮ್ಮ ಕಾಗದ ಪತ್ರ, ನೌಕರಿ, ಸರ್ಕಾರ ಎಲ್ಲ ಬೆಂಗಳೂರಲ್ಲೇ ಇದೆಯಲ್ಲ.

ಮುಂದಿನ ತಿಂಗಳು ಮತ್ತೆ ತಪಾಸಣೆ. ಕಾಕಾ ದಿನಾ ಕೇಳ್ತಾರೆ: "ಆ ದಿನ ಇಮಾನ ಅದ ಏನ್ ತಮ್ಮಾ, ಇಲ್ಲಾಂದ್ರ ಈಗೇ ಕಾರ್ ಹೇಳಿಡು."