ದುಬಾರಿ ನೂಲೋ, ಓಡುವ ಮಾಲೋ: ಒಂದು ಆಪ್ತಸಲಹೆ ಪ್ರಕರಣ

ಚಿಕ್ಕಬಳ್ಳಾಪುರದಲ್ಲಿ ಉಲ್ಲನ್, ಕ್ರೋಶಾ ದಾರ ಮತ್ತು ಸೀರೆ ಕುಚ್ಚಿನ ದಾರ ಮಾರುವ ಪುಟ್ಟ ಅಂಗಡಿ ಇಟ್ಟುಕೊಂಡಿರುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ರಾತ್ರಿ ನಿದ್ದೆ ಬರುತ್ತಿಲ್ಲವೆಂದೂ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿದೆಯೆಂದೂ ಹೇಳಿಕೊಂಡು ಸಲಹೆಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಒಡವೆ ಅಡವಿಟ್ಟ ಹಣದಲ್ಲಿ ಅವರು ಮೆರಿನೊ ಎಂಬ ಕುರಿತಳಿಯ ನಯವಾದ ಉಣ್ಣೆಯನ್ನೂ ಅಪ್ಪಟ ರೇಷ್ಮೆ ದಾರವನ್ನೂ ತರಿಸಿದ್ದರು. ಬಂದ ಗಿರಾಕಿಗಳು ಮುಟ್ಟಿ ನೋಡಿ, ಮೆಚ್ಚಿ, ಬೆಲೆ ಕೇಳಿ, ಕೊನೆಗೆ ಅಗ್ಗದ ಕೃತಕ ನೂಲಾದ ಅಕ್ರಿಲಿಕ್‌ನ ಉಂಡೆ ಇದೆಯೇ ಎಂದು ವಿಚಾರಿಸುತ್ತಿದ್ದರು. "ಓಡೋ ಮಾಲು ಹಾಕು ಅಂದ್ರೆ ಕೇಳಲ್ಲ" ಎಂಬುದು ಪತಿಯ ದೂರು. "ಪ್ಲಾಸ್ಟಿಕ್ ಮಾರೋಕೆ ನಾನು ಅಂಗಡಿ ಇಟ್ಟಿಲ್ಲ" ಎಂಬುದು ಇವರ ಉತ್ತರ.

ಎರಡನೆಯ ಭೇಟಿಗೆ ಎರಡು ಬಗೆಯ ಉಂಡೆಗಳನ್ನೂ ತರಲು ಹೇಳಿದ್ದೆ. ಮೆರಿನೊ ಎಳೆಯನ್ನು ಅವರು ಹೆಬ್ಬೆರಳಿನಿಂದ ಸವರುತ್ತಲೇ ಮಾತನಾಡಿದರು. ಅಕ್ರಿಲಿಕ್ ಉಂಡೆಯನ್ನು ಕವರಿನಿಂದ ಹೊರಗೇ ತೆಗೆಯಲಿಲ್ಲ. ಕೇಳಿದಾಗ ತವರಿನ ವಿಷಯ ಬಂತು. ಅವರ ತಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚಾಣಿಕೆ ಮಾಡುತ್ತಿದ್ದವರು. ಗೂಡು ಬೇಯುವ ನೀರಿನ ವಾಸನೆಯ ನಡುವೆ, ಒಂದೇ ಗೂಡಿನಿಂದ ನೂರಾರು ಮೀಟರ್ ಎಳೆ ಹೊರಡುವುದನ್ನು ನೋಡುತ್ತಾ ಬೆಳೆದ ಮಗಳಿಗೆ, ಅಗ್ಗದ ದಾರ ಮಾರುವುದೆಂದರೆ ತಂದೆಯ ಕಸುಬನ್ನು ಕೀಳು ಮಾಡಿದಂತೆ ತೋರುತ್ತಿತ್ತು. ಪತಿ ಲೆಕ್ಕದ ಮಾತು ಎತ್ತಿದಾಗಲೆಲ್ಲ ಇವರಿಗೆ ಅದು ಅವಮಾನವಾಗಿ ಕೇಳಿಸುತ್ತಿದ್ದುದು ಇದರಿಂದಲೇ ಎಂದು ನನಗೆ ಅನ್ನಿಸಿತು. ಬಂಡವಾಳದ ಪ್ರಶ್ನೆ ಮತ್ತು ತವರಿನ ಮರ್ಯಾದೆಯ ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅವನ್ನು ಬಿಡಿಸುವುದೇ ನನ್ನ ಮೊದಲ ಕೆಲಸವಾಯಿತು.

ಅಕ್ರಿಲಿಕ್‌ಗೂ ಅದರದೇ ಯೋಗ್ಯತೆ ಇದೆ ಎಂದು ನಾನು ಅವರಿಗೆ ವಿವರವಾಗಿ ಹೇಳಿದೆ. ದಿನವೂ ಶಾಲೆಗೆ ಹಾಕಿಕೊಂಡು ಹೋಗುವ ಮಗುವಿನ ಸ್ವೆಟರ್ ಪದೇ ಪದೇ ಒಗೆತಕ್ಕೆ ಬೀಳುತ್ತದೆ. ಉಣ್ಣೆಯನ್ನು ಬಿಸಿ ನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಸ್ವೆಟರ್ ಕುಗ್ಗಿಬಿಡುತ್ತದೆ. ಅಕ್ರಿಲಿಕ್ ಹಾಗೆ ಕುಗ್ಗುವುದಿಲ್ಲ, ನುಸಿಯೂ ಅದನ್ನು ತಿನ್ನುವುದಿಲ್ಲ. ಬಿಸಿ ಇಸ್ತ್ರಿಗೆ ಅದು ಆಕಾರ ಕೆಡುತ್ತದೆ, ಬೆಂಕಿಗೆ ಕರಗುತ್ತದೆ, ಇದನ್ನೂ ಗಿರಾಕಿಗೆ ಹೇಳಿಯೇ ಮಾರಬೇಕು. ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಪೂರವಾದ್ದರಿಂದ ಮೈಗೆ ಚುಚ್ಚುವುದಿಲ್ಲ ಎಂಬುದು ನಿಜ. ಆದರೆ ಮೊದಲ ಸಲ ಕಡ್ಡಿ ಹಿಡಿದು, ಹೆಣೆದು, ಬಿಚ್ಚಿ, ಮತ್ತೆ ಹೆಣೆಯುವ ಹುಡುಗಿಗೆ ಅಷ್ಟು ಬೆಲೆಯ ನೂಲು ಭಯವನ್ನಷ್ಟೇ ಕೊಡುತ್ತದೆ. ಅಕ್ರಿಲಿಕ್ ಅನ್ನು ಅಕ್ರಿಲಿಕ್ ಎಂದೇ ಹೇಳಿ ಮಾರಿದರೆ ತಂದೆಯ ಹೆಸರಿಗೆ ಕುಂದಿಲ್ಲ; ಮರದ ತಿರುಳಿನಿಂದ ತಯಾರಿಸುವ, ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ದಾರವನ್ನು ರೇಷ್ಮೆ ಎಂದು ಮಾರಿದರೆ ಮಾತ್ರ ಕುಂದು ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಎಳೆ ಸುಟ್ಟು ನೋಡಿ ಅಸಲಿ ಗುರುತಿಸುವುದನ್ನು ಅಪ್ಪನೇ ಕಲಿಸಿದ್ದರೆಂದರು: ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ, ವಿಸ್ಕೋಸ್ ಸುಟ್ಟರೆ ಕಾಗದದ ವಾಸನೆ. ಅದನ್ನು ಗಿರಾಕಿಗಳ ಎದುರಿಗೇ ಮಾಡಿ ತೋರಿಸಿ ಎಂದೆ.

ಮೂರನೆಯ ಭೇಟಿಗೆ ಪತಿಯೂ ಬಂದರು. ದುಬಾರಿ ಮಾಲಿಗೆ ಇಬ್ಬರೂ ಸೇರಿ ಒಂದು ಮೊತ್ತ ಗೊತ್ತುಮಾಡಬೇಕು, ಆ ಹಣ ಮುಂದಿನ ಚಳಿಗಾಲದವರೆಗೆ ಸಿಕ್ಕಿಹಾಕಿಕೊಂಡರೂ ಒಡವೆಯ ಬಡ್ಡಿ ಮತ್ತು ಮನೆಖರ್ಚು ನಿಲ್ಲಬಾರದು ಎಂಬುದು ನನ್ನ ಸಲಹೆ. ಅಗ್ಗದ ನೂಲಿನಲ್ಲಿ ಬಣ್ಣಗಳು ಹೆಚ್ಚಿರಲಿ. ಮೆರಿನೊದಲ್ಲಿ ಬಣ್ಣ ಕೆಲವೇ ಸಾಕು, ಆದರೆ ಪ್ರತಿ ಬಣ್ಣದಲ್ಲೂ ಒಂದೇ ಲಾಟಿನ, ಅಂದರೆ ಒಂದೇ ಸಲ ಒಟ್ಟಿಗೆ ಬಣ್ಣ ಹಾಕಿದ, ಉಂಡೆಗಳು ಒಂದು ಸ್ವೆಟರಿಗೆ ಆಗುವಷ್ಟು ಇರಬೇಕು, ಏಕೆಂದರೆ ಲಾಟು ಬದಲಾದರೆ ಅದೇ ನಂಬರಿನ ಬಣ್ಣವೂ ತುಸು ಬೇರೆಯಾಗಿ ಕಾಣುತ್ತದೆ. ಬೆಲೆಯನ್ನು ಉಂಡೆಗೆ ಹೇಳುವ ಬದಲು ಆಗುವ ವಸ್ತುವಿಗೆ ಹೇಳುವುದು ಒಳ್ಳೆಯದು: ದೊಡ್ಡವರ ಸ್ವೆಟರಿಗೆ ಮೆರಿನೊ ಕೊಳ್ಳಲಾಗದ ಅಜ್ಜಿಯೂ ಮೊಮ್ಮಗುವಿನ ಟೋಪಿಗೆ 50 ಗ್ರಾಂ ಕೊಳ್ಳಬಲ್ಲರು. ನಮ್ಮ ಕಡೆ ಚಳಿ ಕೆಲವೇ ತಿಂಗಳಿನದಾದ್ದರಿಂದ ವರ್ಷವಿಡೀ ಹೋಗುವ ಹತ್ತಿ ದಾರಕ್ಕೆ ಹೆಚ್ಚು ಜಾಗ ಕೊಡಲು ಇಬ್ಬರೂ ಒಪ್ಪಿದರು. ಗಿರಾಕಿಗಳ ಎದುರಿಗೆ ಮಾಲಿನ ಬಗ್ಗೆ ಹೀಯಾಳಿಸುವುದಿಲ್ಲವೆಂದು ಪತಿ ಮಾತು ಕೊಟ್ಟರು.

ಒಡವೆ ಬಿಡಿಸುವವರೆಗೆ ದುಬಾರಿ ಮಾಲನ್ನು ಹೊಸದಾಗಿ ತರಿಸಬೇಡಿ ಎಂದು ನಾನು ಹೇಳಿದ್ದನ್ನು ಆಕೆ ಪೂರ್ತಿ ಒಪ್ಪಲಿಲ್ಲ. ಮೆರಿನೊ ನಿಲ್ಲಿಸುತ್ತೇನೆ, ರೇಷ್ಮೆ ಬಿಡಲಾರೆ ಎಂದರು. ಮದುವೆ ಸೀರೆಯ ಕುಚ್ಚಿಗೆ ಅಪ್ಪಟ ದಾರವನ್ನೇ ಕೇಳಿಕೊಂಡು ಬರುವವರು ಇದ್ದಾರೆ, ಅದು ನಿಂತ ಮಾಲಲ್ಲ ಎಂದು ಪತಿಯೇ ಲೆಕ್ಕದ ಪುಸ್ತಕ ತೆಗೆದು ತೋರಿಸಿದ್ದರಿಂದ ನಾನೂ ಒಪ್ಪಿಕೊಂಡೆ.