ಓದುಗರ ಪ್ರಶ್ನೆ: ಹುಡುಗರ ಭಾಷೆಗೆ ಯಾಕೆ ನಗು ಬರಲಿಲ್ಲ?

ಪ್ರಶ್ನೆ: ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷದ ಪ್ರಹಸನ ಬರೆದಿದ್ದೇವೆ. ಮಗಾ, ಮಚ್ಚಾ, ಸೀನು, ಸಿಗ್ಮಾ, ರಿಜ್ ಎಲ್ಲ ಹಾಕಿದ್ದೇವೆ. ತಾಲೀಮಿನಲ್ಲಿ ಒಬ್ಬರೂ ನಗಲಿಲ್ಲ. (ಪಿಯು ಉಪನ್ಯಾಸಕಿ, ಹಾಸನ)

ಉತ್ತರ: ಒಗ್ಗರಣೆ ಜಾಸ್ತಿಯಾಗಿದೆ. ಹುಡುಗರು ಹುಡುಗರಿಗೇ 'ಮಚ್ಚಾ' ಅಂದರೆ ಅದು ಬರೀ ಮಾತು, ಜೋಕಲ್ಲ. ಅದು ತಪ್ಪು ಕಿವಿಗೆ ಬೀಳಬೇಕು, ಇಲ್ಲವೇ ನಿರೀಕ್ಷೆಯೇ ಇಲ್ಲದ ಬಾಯಿಂದ ಬರಬೇಕು. ಹತ್ತು ನಿಮಿಷಕ್ಕೆ ಎರಡು ಪದ ಸಾಕು.

ತಪ್ಪು ಕಿವಿಗೆ ಬೀಳಬೇಕಾದರೆ ಹಿರಿಯರಿಗೂ ಆ ಪದಕ್ಕೊಂದು ಅರ್ಥ ಹೊಳೆಯಬೇಕು. ತಿಥಿಯ ದಿನ, ತಾರಸಿ. ಮೊಮ್ಮಗ ಫೋನಿನಲ್ಲಿ, "ಸುಮ್ನೆ ಕಾಗೆ ಹಾರಿಸ್ಬೇಡ ಮಗಾ!" ಅಜ್ಜಿ ಓಡಿಬಂದು, "ಅಯ್ಯೋ, ಹಾರಿಸ್ಬೇಡ್ರೋ! ಇನ್ನೂ ಪಿಂಡ ಮುಟ್ಟಿಲ್ಲ!" ಸುಳ್ಳು ಬಿಡುವ ಕಾಗೆಯೂ ಪಿಂಡದ ಕಾಗೆಯೂ ಸಭೆಗೆ ಗೊತ್ತು, ಅಜ್ಜಿಗೆ ಒಂದೇ ಗೊತ್ತು. 'ರಿಜ್' (ಎದುರಿನವರನ್ನು ಮೋಡಿ ಮಾಡುವ ಚಾತುರ್ಯ) ಹೀಗೆ ಕೆಲಸ ಮಾಡುವುದಿಲ್ಲ. ಆಕ್ಸ್‌ಫರ್ಡ್‌ನ 2023ರ ವರ್ಷದ ಪದವಾದರೂ ಅಜ್ಜಿಗೆ ಅದು ಬರೀ ಸದ್ದು. 'ಘೋಸ್ಟ್ ಮಾಡಿದ್ಲು' (ಹೇಳದೆ ಕೇಳದೆ ಮಾತು ಬಿಟ್ಟಳು) ಆದೀತು, ಅಜ್ಜಿ ಅನ್ನಲಿ: "ಅಮಾವಾಸ್ಯೆ ದಿನ ಹೊರಗೆ ಹೋಗ್ಬೇಡ ಅಂತ ಬಡ್ಕೊಂಡೆ."

ಎರಡನೆಯದಕ್ಕೆ, ಅಂದರೆ ನಿರೀಕ್ಷೆಯೇ ಇಲ್ಲದ ಬಾಯಿಗೆ, ಮೂರು ಸಲದ ಲೆಕ್ಕ. ಮದುವೆ ಮನೆಯಲ್ಲಿ ಯಾರೋ ಸಾರು ಚೆಲ್ಲಿಕೊಳ್ಳುತ್ತಾರೆ, ಹುಡುಗಿ "ಔರಾ ಮೈನಸ್ ನೂರು" ಅನ್ನುತ್ತಾಳೆ. ಭಾವ ಎಡವುತ್ತಾನೆ, ಇನ್ನೊಬ್ಬಳು "ಮೈನಸ್ ಐನೂರು." ಇಷ್ಟರಲ್ಲಿ ಮಾನ ಹೋದದ್ದರ ಲೆಕ್ಕ ಇದು ಅಂತ ಸಭೆಗೆ ತಾನಾಗಿ ತಿಳಿದಿರುತ್ತದೆ, ವಿವರಿಸಿದರೆ ಕೆಟ್ಟಿತು. ತಾಳಿ ಕಟ್ಟುವ ಹೊತ್ತಿಗೆ ವರನ ಫೋನ್ ಕೂಗುತ್ತದೆ. ಪುರೋಹಿತರು ಮಂತ್ರದ ಧಾಟಿಯಲ್ಲೇ, "ಔರಾ ಮೈನಸ್ ಸಹಸ್ರಂ." ಅವರು ನಗಬಾರದು. ಮುಂದಿನ ಮಾತಿಗೆ ಎರಡು ಸೆಕೆಂಡ್ ತಡೆಯಿರಿ, ಇಲ್ಲದಿದ್ದರೆ ಅದು ನಗೆಯಲ್ಲಿ ಮುಳುಗುತ್ತದೆ. ನಾಲ್ಕನೇ ಸಲ ಬೇಡವೇ ಬೇಡ.

ಪ್ರಶ್ನೆ: ಮಗ ಹೊತ್ತಿಲ್ಲದ ಹೊತ್ತಲ್ಲಿ 'ಸಿಕ್ಸ್ ಸೆವೆನ್' ಅಂತ ಕಿರುಚುತ್ತಾನೆ. ಅರ್ಥವೇನು? ನಾಟಕಕ್ಕೆ ಬಳಸಬಹುದೇ? (ಪೋಷಕರು, ತುಮಕೂರು)

ಉತ್ತರ: ಅರ್ಥ ಅಂತೇನಿಲ್ಲ, ದೊಡ್ಡವರು ಅರ್ಥ ಕೇಳುವುದೇ ಅವರಿಗೆ ಮಜಾ. ಅಮೆರಿಕದ ರ‍್ಯಾಪ್ ಹಾಡೊಂದರಿಂದ ಹಬ್ಬಿದ್ದು. ಡಿಕ್ಷನರಿ ಡಾಟ್ ಕಾಮ್ ಇದನ್ನೇ 2025ರ ವರ್ಷದ ಪದ ಮಾಡಿತು. 'ಅರವತ್ತೇಳು' ಅಂತ ಕನ್ನಡಿಸಿದರೆ ಸತ್ತಿತು. ಹಾಜರಿ ದೃಶ್ಯಕ್ಕೆ ಹಾಕಿ: ಮೇಷ್ಟ್ರು "ಸಿಕ್ಸ್... ಸೆವೆನ್" ಅನ್ನುತ್ತಿದ್ದಂತೆ ಇಡೀ ತರಗತಿ ಎರಡೂ ಅಂಗೈ ಮೇಲೆ ಕೆಳಗೆ ತೂಗುತ್ತದೆ. "ಒಂದು ನಂಬರಿಗೆ ಇಷ್ಟು ಜನ ಪ್ರಾಕ್ಸಿನಾ?" ಬೇಗ ಆಡಿಬಿಡಿ, ಇಂಥವು ಬೇಗ ಹಳಸುತ್ತವೆ.

ಪ್ರಶ್ನೆ: ನಾವು ಧಾರವಾಡದವರು. ಬೆಂಗಳೂರಿನ 'ಮಚ್ಚಾ' ಹಾಕಲೇ?

ಉತ್ತರ: 'ದೋಸ್ತ' ಇರುವಾಗ ಯಾಕೆ? ಬೆಂಗಳೂರಿನಲ್ಲಿ ಮೂರು ತಿಂಗಳಿದ್ದು ಬಂದ ಹುಡುಗನೊಬ್ಬನ ಬಾಯಲ್ಲಿ ಮಾತ್ರ ಇಡಿ. ಅವ್ವ ಕೇಳಲಿ: "ಯಾರಪಾ ಅಂವ ಮಚ್ಚಾ? ಊಟಕ್ಕ ಬರ್ತಾನೇನು?"